ನಮ್ಮ ಡೆಪಾಸಿಟ್ ಎಲ್ಲಿಗೆ ಹೋಗುತ್ತೆ, ಸಾಲ ಯಾರಿಗೆ ಸಿಗುತ್ತೆ? ದಾವಣಗೆರೆಯ ಲೆಕ್ಕ

ದಾವಣಗೆರೆ ನಿಟ್ಟುವಳ್ಳಿಯ ಓದುಗರೊಬ್ಬರ ಪ್ರಶ್ನೆ: "ಸಾರ್, ನಾನು ರೆಡಿಮೇಡ್ ಶರ್ಟ್ ಹೊಲಿಯೋ ಸಣ್ಣ ಯೂನಿಟ್ ನಡೆಸ್ತೀನಿ. ವರ್ಷಕ್ಕೆ ಸುಮಾರು 40 ಲಕ್ಷ ವಹಿವಾಟು. ನಮ್ಮೂರಲ್ಲಿ ರೋಡಿಗೊಂದು ಬ್ಯಾಂಕ್ ಐತೆ, ಜನ ಎಫ್‌ಡಿ ಇಟ್ಟಿದ್ದೇ ಇಟ್ಟಿದ್ದು. ಆದ್ರೆ ಮಿಲ್ಲುಗಳು ಮುಚ್ಚಿದ ಮೇಲೆ ಊರಿಗೆ ಹೇಳಿಕೊಳ್ಳೋ ಅಂಥ ಕೆಲಸ ಬರಲಿಲ್ಲ. ನಮ್ಮ ದುಡ್ಡು ಬೆಂಗಳೂರಿಗೆ ಹೋಗ್ತಿದೆಯಾ? ಇಲ್ಲೇ ಜಾಸ್ತಿ ಸಾಲ ಕೊಟ್ರೆ ಊರು ಬೆಳೆಯುತ್ತಾ? ನನ್ನಂಥೋರು ಏನು ಕೇಳಬೇಕು, ಯಾರನ್ನ ಕೇಳಬೇಕು?"

ನೇರವಾಗಿ ಹೇಳಿಬಿಡ್ತೀನಿ ನೋಡ್ರಿ. ಇಲ್ಲಿಟ್ಟ ದುಡ್ಡು ಹೊರಗೆ ಹೋಗುತ್ತೆ, ಹೊರಗಿನ ದುಡ್ಡು ಇಲ್ಲಿಗೂ ಬರುತ್ತೆ, ಬ್ಯಾಂಕ್ ಅನ್ನೋದು ಇರೋದೇ ಅದಕ್ಕೆ, ಅದರಲ್ಲಿ ಮೋಸ ಏನಿಲ್ಲ. ಜಾಸ್ತಿ ಸಾಲ ಕೊಟ್ರೆ ಊರು ಬೆಳೆಯುತ್ತಾ ಅನ್ನೋದಕ್ಕೆ ಮಾತ್ರ ನನ್ನ ಮರುಪ್ರಶ್ನೆ ಒಂದೇ, ಯಾವ ಸಾಲ? ನಾನು ಬ್ಯಾಂಕಿನ ಸಾಲದ ಟೇಬಲ್ ಮುಂದೇನೇ ಸರ್ವೀಸ್ ಕಳೆದೋನು, ಈ ಜಿಲ್ಲೇಲೂ ಚಿತ್ರದುರ್ಗದಲ್ಲೂ ಕೆಲಸ ಮಾಡಿದ್ದೀನಿ. ಸೈಟಿನ ಮೇಲೆ, ಬಂಗಾರದ ಮೇಲೆ ಹೋಗೋ ಕೋಟಿಗಿಂತ ಸರಕಿನ ಮೇಲೆ, ಮಷೀನಿನ ಮೇಲೆ ಹೋಗೋ ಲಕ್ಷ ಊರಿಗೆ ಜಾಸ್ತಿ ಕೆಲಸ ಕೊಡುತ್ತೆ ಅಂತ ನನ್ನ ಅಭಿಪ್ರಾಯ, ಉಳಿದಿದ್ದೆಲ್ಲಾ ಅದರ ವಿವರ.

ಮೊದಲು ಡೆಪಾಸಿಟ್ ವಿಷಯ. ನೀವು ಮಂಡಿಪೇಟೆ ಬ್ರಾಂಚಲ್ಲಿ 100 ರೂಪಾಯಿ ಇಟ್ರೆ ಅದು ಮಂಡಿಪೇಟೆ ತಿಜೋರೀಲಿ ಕೂರಲ್ಲ, ಬ್ಯಾಂಕಿನ ಒಟ್ಟು ಹಣದಲ್ಲಿ ಸೇರಿಬಿಡುತ್ತೆ. ಅದರಲ್ಲಿ 3 ರೂಪಾಯಿ ಸಿಆರ್‌ಆರ್ ಅಂತ ರಿಸರ್ವ್ ಬ್ಯಾಂಕಲ್ಲಿ ಇಡಬೇಕು (2025ರ ಕೊನೆಗೆ 4ರಿಂದ 3ಕ್ಕೆ ಇಳಿಸಿದ್ರು), 18 ರೂಪಾಯಿ ಎಸ್‌ಎಲ್‌ಆರ್ ಅಂತ ಹೆಚ್ಚುಕಮ್ಮಿ ಸರ್ಕಾರಿ ಬಾಂಡಲ್ಲಿ ಇಡಬೇಕು. ಉಳಿದ 79ರಲ್ಲಿ ಎಷ್ಟು ಎಲ್ಲಿ ಸಾಲ ಕೊಡಬೇಕು ಅನ್ನೋದು ಬ್ರಾಂಚ್ ಮ್ಯಾನೇಜರ್ ಕೈಲಿ ಅಷ್ಟೇನೂ ಇರಲ್ಲ. ಇನ್ನೊಂದು ವಿಷಯ ಜನಕ್ಕೆ ಹೇಳಿದ್ರೆ ನಂಬಲ್ಲ, ಸಾಲ ಕೊಟ್ಟಾಗ ಹೊಸ ಡೆಪಾಸಿಟ್ ಹುಟ್ಟುತ್ತೆ. ನಿಮಗೆ 5 ಲಕ್ಷ ಸ್ಯಾಂಕ್ಷನ್ ಆಗಿ ನೀವು ಬಟ್ಟೆ ವ್ಯಾಪಾರಿಗೆ ಕೊಟ್ರೆ ಅದು ಅವನ ಖಾತೇಲಿ ಡೆಪಾಸಿಟ್ ಆಗಿ ಕೂರುತ್ತೆ. ಆ ವ್ಯಾಪಾರಿ ಚೌಕಿಪೇಟೆಯೋನಾದ್ರೆ ದುಡ್ಡು ಊರಲ್ಲೇ ಇನ್ನೊಂದು ಸುತ್ತು ಹೊಡೆಯುತ್ತೆ, ಸೂರತ್ತಿನೋನಾದ್ರೆ ಅದೇ ದಿನ ಊರು ಬಿಡುತ್ತೆ. ಹಾಗಾಗಿ "ನಮ್ಮ ದುಡ್ಡು ಹೋಯ್ತು" ಅನ್ನೋದನ್ನ ಡೆಪಾಸಿಟ್ ಕಡೆಯಿಂದ ಮಾತ್ರ ನೋಡಬೇಡ್ರಿ, ಸಾಲ ತಗೊಂಡೋನು ಎಲ್ಲಿ ಖರ್ಚು ಮಾಡ್ದ ಅನ್ನೋದನ್ನೂ ನೋಡಬೇಕು.

ಜಿಲ್ಲಾ ಮಟ್ಟದ ಮೀಟಿಂಗಲ್ಲಿ ಎಲ್ರೂ ಹಿಡಿದುಕೊಂಡು ಕೂರೋದು ಸಿಡಿ ರೇಶಿಯೋ, ಅಂದ್ರೆ ಜಿಲ್ಲೇಲಿ ಸೇರಿದ 100 ರೂಪಾಯಿ ಡೆಪಾಸಿಟ್‌ಗೆ ಎಷ್ಟು ರೂಪಾಯಿ ಸಾಲ ಕೊಟ್ರು ಅನ್ನೋ ಲೆಕ್ಕ. ಹಳ್ಳಿ ಮತ್ತೆ ಸಣ್ಣ ಊರಿನ ಬ್ರಾಂಚುಗಳಿಗೆ 60 ಇರಲಿ ಅಂತ ಆರ್‌ಬಿಐ ಗುರಿ ಹಾಕೈತೆ, 40ಕ್ಕಿಂತ ಕೆಳಗೆ ಬಿದ್ದ ಜಿಲ್ಲೇಲಿ ವಿಶೇಷ ಉಪಸಮಿತಿ ಮಾಡಿ ಯಾಕೆ ಅಂತ ನೋಡಬೇಕು. ಒಳ್ಳೇ ಅಳತೆನೇ, ಆದ್ರೆ ಇದನ್ನೇ ನಂಬಿ ಕೂತ್ರೆ ದಾರಿ ತಪ್ಪುತ್ತೆ. ಹರಿಹರದಲ್ಲಿ ಫ್ಯಾಕ್ಟರಿ ಇಟ್ಟ ಕಂಪನಿಯ ಹೆಡ್ ಆಫೀಸ್ ಬೆಂಗಳೂರಲ್ಲೋ ಮುಂಬೈಲೋ ಇದ್ರೆ ಸಾಲ ಅಲ್ಲೇ ಸ್ಯಾಂಕ್ಷನ್ ಆಗುತ್ತೆ, ದುಡ್ಡು ಹರಿಹರದಲ್ಲಿ ಖರ್ಚಾದ್ರೂ ಲೆಕ್ಕ ಆ ಊರಿನದು. ಅದಕ್ಕೇ ಆರ್‌ಬಿಐ ಸಾಲ ಮಂಜೂರಾದ ಜಾಗ ಬೇರೆ, ಬಳಕೆಯಾದ ಜಾಗ ಬೇರೆ ಅಂತ ಎರಡು ಲೆಕ್ಕ ಇಡುತ್ತೆ, ಪೇಪರಲ್ಲಿ ಬರೋದು ಸಾಮಾನ್ಯವಾಗಿ ಮೊದಲನೇದು. ಇದು ಒಂದು ಕಡೆ. ಇನ್ನೊಂದು ಕಡೆ ನೋಡಿದ್ರೆ, ಊರೆಲ್ಲಾ ಬಂಗಾರ ಅಡ ಇಟ್ಟು ಮದುವೆ ಮಾಡಿದ್ರೂ ಸಿಡಿ ರೇಶಿಯೋ ಜೋರಾಗಿ ಮೇಲೇರುತ್ತೆ, ಒಂದೇ ಒಂದು ಹೊಸ ಕೆಲಸ ಹುಟ್ಟಿರಲ್ಲ. ಭದ್ರಾ ನಾಲೆ ಡ್ಯಾಮ್ ಹತ್ರ ತುಂಬಿ ಹರಿದ್ರೆ ದಾವಣಗೆರೆ ತಾಲ್ಲೂಕಿನ ಕೊನೇ ಭಾಗದ ರೈತನಿಗೆ ನೀರು ಸಿಕ್ಕಿತು ಅಂತ ಅರ್ಥ ಅಲ್ವಲ್ಲ, ಹಂಗೆ. ತೂಬು ಯಾವುದು, ಹೊಲ ಯಾರದು ಅಂತ ನೋಡಬೇಕು.

ಈಗ ಮಿಲ್ಲುಗಳ ಕಥೆಗೆ ಬರೋಣ, ಯಾಕಂದ್ರೆ ನಿಮ್ಮ ಪ್ರಶ್ನೆಯ ನೋವು ಇರೋದು ಅಲ್ಲೇ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ಇದು. ಸುತ್ತ ಹತ್ತಿ ಬೆಳೀತಿದ್ರು, ಪೂನಾ-ಬೆಂಗಳೂರು ರೋಡು, ರೈಲು ಎರಡೂ ಇತ್ತು, ವ್ಯಾಪಾರಿ ಮನೆತನಗಳ ಕೈಲಿ ದುಡ್ಡಿತ್ತು, ಮಿಲ್ಲುಗಳು ಎದ್ದವು. ಆ ಕಾಲದ ಬಂಡವಾಳ ಬರೀ ಬ್ಯಾಂಕಿಂದ ಬಂದಿದ್ದಲ್ಲ, ಮಂಡಿ ವ್ಯಾಪಾರದ ಲಾಭನೇ ಮಿಲ್ಲಿಗೆ ಹೋಯ್ತು. ಆಮೇಲೆ ದೇಶಾದ್ಯಂತ 1980ರ ದಶಕದಲ್ಲಿ ಬಂತಲ್ಲ ಬಟ್ಟೆ ಗಿರಣಿಗಳ ಬಿಕ್ಕಟ್ಟು, ಪವರ್‌ಲೂಮ್ ಪೈಪೋಟಿ, ಹಳೇ ಮಷೀನು, ಪಾಲಿಯೆಸ್ಟರ್ ಬಟ್ಟೆ, ಅದು ಇಲ್ಲಿಗೂ ಬಂತು. ಮಷೀನ್ ಬದಲಾಯಿಸೋಕೆ ಬೇಕಾಗಿದ್ದು ಏಳು ಎಂಟು ವರ್ಷದ ಅವಧಿ ಸಾಲ, ಕಡಿಮೆ ಬಡ್ಡೀಲಿ. ಅಂಥ ಸಾಲಕ್ಕೆ ಬಡ್ಡಿ ಸಹಾಯ ಕೊಡೋ ಕೇಂದ್ರ ಸರ್ಕಾರದ ಟಫ್ಸ್ ಸ್ಕೀಮ್ ಬಂದಿದ್ದು 1999ರ ಏಪ್ರಿಲಲ್ಲಿ, ಅಷ್ಟೊತ್ತಿಗೆ ನಮ್ಮೂರಿನ ಎಷ್ಟೋ ಗೇಟುಗಳಿಗೆ ಬೀಗ ಬಿದ್ದಾಗಿತ್ತು! ಹಂಗಂತ ಸಾಲ ಸಿಕ್ಕಿದ್ರೆ ಎಲ್ಲಾ ಉಳೀತಿತ್ತು ಅಂತ ನಾನು ಹೇಳಲ್ಲ, ಕೆಲವು ಮಿಲ್ಲು ಯಾವ ಸಾಲಕ್ಕೂ ಉಳಿಯೋ ಹಾಗಿರಲಿಲ್ಲ. ಆದ್ರೆ ಸಾಲಕ್ಕೆ ಹೊತ್ತು ಅನ್ನೋದೊಂದು ಇರುತ್ತೆ, ಹೊತ್ತು ಮೀರಿ ಬಂದ ಸಾಲ ಹಳೇ ಬಾಕಿಗೆ ಹೊಂದಾಣಿಕೆ ಆಗುತ್ತೆ ಅಷ್ಟೇ.

ಮಿಲ್ ಹೋದ ಮೇಲೆ ಊರು ಏನೂ ಮಾಡಲಿಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಕಾಲೇಜು, ಆಸ್ಪತ್ರೆ ಮೇಲೆ ಊರು ನಿಂತುಕೊಳ್ತು, ಜೆಜೆಎಂ ಮೆಡಿಕಲ್ ಕಾಲೇಜು 1965ರದು, ಬಿಐಇಟಿ 1979ರದು, 1997ರಲ್ಲಿ ಜಿಲ್ಲಾ ಕೇಂದ್ರನೂ ಆಯ್ತು. ಇದರಿಂದ ಬಾಡಿಗೆ ಮನೆ, ಹಾಸ್ಟೆಲ್, ಹೋಟೆಲ್, ಮೆಡಿಕಲ್ ಶಾಪ್ ಬೆಳೆದವು, ಅವಕ್ಕೆ ಬ್ಯಾಂಕ್ ಸಾಲ ಸಲೀಸಾಗಿ ಸಿಕ್ತು, ಯಾಕಂದ್ರೆ ಕೆಳಗೆ ಜಾಗ ಐತೆ. ಉತ್ಪಾದನೆ ಮಾಡೋರಿಗೆ ಅಷ್ಟು ಸಲೀಸಾಗಿ ಸಿಗಲಿಲ್ಲ.

ಯಾಕೆ ಸಿಗಲ್ಲ ಅಂತ ಮ್ಯಾನೇಜರನ್ನ ಬೈಯೋದು ಸುಲಭ, ಲೆಕ್ಕ ನೋಡ್ರಿ. ಬ್ಯಾಂಕು ಪ್ರತಿ ಸಾಲಕ್ಕೂ ತನ್ನ ಸ್ವಂತ ಬಂಡವಾಳದಲ್ಲಿ ಒಂದಿಷ್ಟು ಎತ್ತಿಡಬೇಕು, ಕನಿಷ್ಠ 9 ಪರ್ಸೆಂಟು, ಆದ್ರೆ ಅದು ಸಾಲದ ರಿಸ್ಕ್ ವೇಟ್ ಮೇಲೆ, ಅಂದ್ರೆ ಆ ಸಾಲ ಎಷ್ಟು ಅಪಾಯ ಅನ್ನೋ ಅಳತೆ ಮೇಲೆ. ಸಾಮಾನ್ಯ ಮನೆ ಸಾಲದ ವೇಟ್ 35 ಪರ್ಸೆಂಟ್, ಅಂದ್ರೆ 100 ರೂಪಾಯಿ ಮನೆ ಸಾಲಕ್ಕೆ ಎತ್ತಿಡಬೇಕಾದ್ದು 3 ರೂಪಾಯಿ 15 ಪೈಸೆ. ಸಣ್ಣ ವ್ಯಾಪಾರದ ಸಾಲಕ್ಕೆ ವೇಟ್ 75, ಅಲ್ಲಿಗೆ 6 ರೂಪಾಯಿ 75 ಪೈಸೆ. ಮನೆ ಸಾಲದ ಎರಡು ಪಟ್ಟಿಗಿಂತ ಹೆಚ್ಚು ಬಂಡವಾಳ ಹಿಡಿಯುತ್ತೆ. ಇದರ ಮೇಲೆ ಮನೆ ಸಾಲಕ್ಕೆ ಒಂದು ಸಲ ಲೀಗಲ್ ಒಪೀನಿಯನ್, ವ್ಯಾಲ್ಯುಯೇಶನ್ ಆದ್ರೆ ಇಪ್ಪತ್ತು ವರ್ಷ ಇಎಂಐ ಬರ್ತಾ ಇರುತ್ತೆ. ನಿಮ್ಮ ಸಿಸಿ (ಕ್ಯಾಶ್ ಕ್ರೆಡಿಟ್, ಸರಕಿನ ಮೇಲೆ ಬೇಕಾದಾಗ ತೆಗೆದು ಕಟ್ಟೋ ಸಾಲ) ಖಾತೆಗೆ ತಿಂಗಳಾ ತಿಂಗಳಾ ಸ್ಟಾಕ್ ಸ್ಟೇಟ್‌ಮೆಂಟ್ ತಗೋಬೇಕು, ಸರಕು ನೋಡಿ ಎಷ್ಟು ತೆಗೀಬಹುದು ಅಂತ ಡ್ರಾಯಿಂಗ್ ಪವರ್ ಹಾಕಬೇಕು, ಬಂದು ಗೋಡೌನ್ ನೋಡಬೇಕು, 90 ದಿನ ಏರುಪೇರಾದ್ರೆ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ, ಆಮೇಲೆ ಸಹಿ ಹಾಕಿದೋನಿಗೆ ನೋಟಿಸ್. ಮ್ಯಾನೇಜರ್ ಜಾಗದಲ್ಲಿ ನೀವಿದ್ರೂ ಸೈಟ್ ಇರೋನಿಗೇ ಮೊದಲು ಕುರ್ಚಿ ಹಾಕ್ತಿದ್ರಿ.

ಹಾಗಾಗಿ ಊರಿನ ಸಾಲವೆಲ್ಲಾ ನಿಧಾನಕ್ಕೆ ಭೂಮಿ ಕಡೆ ವಾಲುತ್ತೆ. ಸೈಟ್ ಮೇಲೆ ಸಾಲ ಸಿಗುತ್ತೆ ಅಂತ ಜನ ಸೈಟ್ ತಗೋತಾರೆ, ರೇಟ್ ಏರುತ್ತೆ, ರೇಟ್ ಏರಿದ್ದಕ್ಕೆ ಅದೇ ಸೈಟ್ ಮೇಲೆ ಇನ್ನೂ ಜಾಸ್ತಿ ಸಾಲ ಹುಟ್ಟುತ್ತೆ, ಕೊನೆಗೆ ಒಂದು ಶೆಡ್ ಹಾಕೋಕೆ ಜಾಗ ಹುಡುಕೋ ನಿಮ್ಮಂಥೋರಿಗೆ ಬಾಡಿಗೆನೇ ಭಾರ ಆಗುತ್ತೆ. ಬ್ಯಾಂಕ್ ಸಾಲ ಊರು ಬೆಳೆಸೋ ಬದಲು ಊರನ್ನ ದುಬಾರಿ ಮಾಡೋದು ಹಿಂಗೆ. ಐರ್ಲೆಂಡಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ಆಗಿ, 2008ರಲ್ಲಿ ಬ್ಯಾಂಕುಗಳಿಗೆ ಸರ್ಕಾರನೇ ಜಾಮೀನು ನಿಂತು, 2010ರಲ್ಲಿ ದೇಶನೇ ಹೊರಗಿನ ಸಾಲಕ್ಕೆ ಕೈ ಚಾಚಬೇಕಾಯ್ತು. ನಮ್ಮಲ್ಲಿ ಅಷ್ಟು ಅತಿರೇಕ ಇಲ್ಲ, ಆದ್ರೆ ರಿಂಗ್ ರೋಡ್ ಆಚೆ ಲೇಔಟ್ ಕಲ್ಲು ನೆಟ್ಟು ಹುಲ್ಲು ಬೆಳೆದಿರೋ ಜಾಗ ನೋಡಿದಾಗೆಲ್ಲಾ ಇದರಲ್ಲಿ ಎಷ್ಟು ಸಿಸಿ ಲಿಮಿಟ್ ಸಿಕ್ಕಿಹಾಕಿಕೊಂಡೈತೋ ಅಂತ ನನಗೆ ಅನ್ನಿಸುತ್ತೆ, ಕಸುಬಿನ ಚಟ, ಏನ್ ಮಾಡೋದು.

ಭೂಮಿ ಮೇಲಿನ ಸಾಲದಲ್ಲೂ ಎಲ್ಲರಿಗೂ ಬಾಗಿಲು ತೆರೆದಿರಲ್ಲ. ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅಪ್ರೂವ್ಡ್ ಲೇಔಟಲ್ಲಿ ಇರೋನಿಗೆ ಸಾಲ ಮನೆ ಬಾಗಿಲಿಗೆ ಬರುತ್ತೆ, ರೆವಿನ್ಯೂ ಸೈಟಲ್ಲಿ ಮನೆ ಕಟ್ಟಿಕೊಂಡೋನಿಗೆ ಖಾತೆ ಸರಿ ಇಲ್ಲ ಅಂತ ವಾಪಸ್ ಕಳಿಸ್ತಾರೆ. 2025ರಲ್ಲಿ ರಾಜ್ಯ ಸರ್ಕಾರ ನಗರಸಭೆ, ಪಾಲಿಕೆ ವ್ಯಾಪ್ತೀಲಿ ಇಂಥ ಆಸ್ತಿಗೆ ಬಿ ಖಾತೆ ಕೊಡೋ ಅಭಿಯಾನ ಮಾಡ್ತು, ತೆರಿಗೆಗೆ ಅದು ಸಾಕು, ಬ್ಯಾಂಕಿಗೆ ಸಾಕಾಗಲ್ಲ ಅನ್ನೋದೇ ಹೆಚ್ಚು ಕಡೆ ಅನುಭವ. ಅಮೆರಿಕದಲ್ಲಿ 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆನೇ ನಗರದ ನಕಾಶೆ ಮೇಲೆ ಕೆಲವು ಬಡಾವಣೆಗೆ, ಹೆಚ್ಚಾಗಿ ಕಪ್ಪು ಜನ ಇರೋ ಕಡೆ, ಕೆಂಪು ಬಣ್ಣ ಬಳಿದು ಸಾಲಕ್ಕೆ ಅಪಾಯ ಅಂತ ಗುರುತು ಮಾಡಿತ್ತು, ಅಂಥ ಏರಿಯಾಗಳಿಗೂ ಬ್ಯಾಂಕು ಸಾಲ ಕೊಡಬೇಕು ಅಂತ ಕಾನೂನು ಬಂದಿದ್ದು 1977ರಲ್ಲಿ. ನಮ್ಮಲ್ಲಿ ಯಾರೂ ಬಣ್ಣ ಬಳಿದಿಲ್ಲ, ಖಾತೆ ಕಾಗದನೇ ಆ ಕೆಲಸ ಮಾಡುತ್ತೆ. ರೆವಿನ್ಯೂ ಸೈಟಿನ ಜನ ಸಂಘದ ಸಾಲ, ಫೈನಾನ್ಸ್, ಕೈಸಾಲಕ್ಕೆ ಹೋಗ್ತಾರೆ. ಸಾಲ ವಸೂಲಿಯೋರ ಕಿರುಕುಳ ಎಷ್ಟು ಮಿತಿ ಮೀರಿತ್ತು ಅಂದ್ರೆ 2025ರ ಫೆಬ್ರವರೀಲಿ ರಾಜ್ಯ ಸರ್ಕಾರ ಮೈಕ್ರೋಫೈನಾನ್ಸ್ ವಸೂಲಿ ಮೇಲೆ ಸುಗ್ರೀವಾಜ್ಞೆನೇ ತರಬೇಕಾಯ್ತು.

ಊರಿಗೆ ಕೆಲಸ ಕೊಡೋ ಸಾಲ ಹೆಂಗಿರುತ್ತೆ ಅಂತ ಹೇಳ್ತೀನಿ, ಇದೇ ಮುಖ್ಯ. ಮಂಡಕ್ಕಿ ಭಟ್ಟಿ ತಗೊಳ್ರಿ. ಸುಗ್ಗೀಲಿ ಭತ್ತ ಅಗ್ಗ, ಆಗ ಕೈಯಲ್ಲಿ ದುಡ್ಡಿದ್ದೋನು ನಾಕು ತಿಂಗಳಿಗೆ ಆಗೋಷ್ಟು ತುಂಬಿಕೊಳ್ತಾನೆ, ಇಲ್ಲದೋನು ವಾರ ವಾರ ವ್ಯಾಪಾರಿ ಹತ್ರ ಉದ್ರಿ ತರ್ತಾನೆ, ರೇಟು ಅವನು ಹೇಳಿದ್ದೇ. 5 ಲಕ್ಷಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ 1 ಲಕ್ಷ 20 ಸಾವಿರ, ಅದೇ ಬ್ಯಾಂಕಲ್ಲಿ 11 ಪರ್ಸೆಂಟ್ ಅಂತ ಇಟ್ಕೊಂಡ್ರೂ 55 ಸಾವಿರ. ವ್ಯತ್ಯಾಸ 65 ಸಾವಿರ. ಅದರಲ್ಲಿ ಒಬ್ಬ ಆಳಿಗೆ ನಾಕೈದು ತಿಂಗಳ ಕೂಲಿ ಆಗುತ್ತೆ. ಅಗ್ಗದಲ್ಲಿ ಭತ್ತ ಕೊಂಡ ಲಾಭ ಬೇರೆ. ಇಂಥವು ನೂರು ಭಟ್ಟಿ, ನೂರು ಲೇತ್ ಶಾಪು, ನಿಮ್ಮಂಥ ನೂರು ಹೊಲಿಗೆ ಯೂನಿಟ್ ಸೇರಿದ್ರೆ ಅದೇ ಊರಿನ ಆರ್ಥಿಕತೆ. ದೊಡ್ಡ ಫ್ಯಾಕ್ಟರಿ ಬರಲಿ ಅಂತ ಕಾಯೋದಕ್ಕಿಂತ ಇದು ಬೇಗ ಫಲ ಕೊಡುತ್ತೆ, ಪೇಪರಲ್ಲಿ ಫೋಟೋ ಮಾತ್ರ ಬರಲ್ಲ.

ಚಿತ್ರದುರ್ಗದ ಕಡೆ ಇನ್ನೊಂದು ಪಾಠ ಐತೆ. ಚಳ್ಳಕೆರೆಯನ್ನ ಎಣ್ಣೆ ಊರು ಅಂತಿದ್ರು, ಶೇಂಗಾ ಎಣ್ಣೆ ಮಿಲ್ಲುಗಳು ಸಾಲಾಗಿ. 1990ರ ದಶಕದಲ್ಲಿ ಹೊರಗಿನ ಪಾಮ್ ಎಣ್ಣೆಗೆ ಬಾಗಿಲು ತೆರೆದ ಮೇಲೆ, ಜೊತೆಗೆ ಮಳೆ ಕೈಕೊಟ್ಟು ಶೇಂಗಾನೂ ಕಮ್ಮಿ ಆದ ಮೇಲೆ, ಮಿಲ್ಲುಗಳು ಸೊರಗಿದವು. ಅಲ್ಲಿ ಎಷ್ಟು ಸಿಸಿ ಕೊಟ್ರೂ ಅರೆಯೋಕೆ ಕಾಳೇ ಇಲ್ಲ. ಜೋನ್ ರಾಬಿನ್ಸನ್ ಅನ್ನೋ ಅರ್ಥಶಾಸ್ತ್ರಜ್ಞೆ 1952ರಲ್ಲೇ ಹೇಳಿದ್ದು ಇದನ್ನೇ, ಉದ್ಯಮ ಮುಂದೆ ಹೋಗುತ್ತೆ, ಹಣಕಾಸು ಹಿಂದೆ ಬರುತ್ತೆ ಅಂತ. ಅದಕ್ಕೆ ವಿರುದ್ಧವಾದ ಪುರಾವೆನೂ ನಮ್ಮ ದೇಶದ್ದೇ ಐತೆ. 1977ರಿಂದ 1990ರ ತನಕ ಆರ್‌ಬಿಐ ಒಂದು ರೂಲ್ ಇಟ್ಟಿತ್ತು, ಬ್ಯಾಂಕ್ ಇರೋ ಊರಲ್ಲಿ ಒಂದು ಬ್ರಾಂಚ್ ತೆಗೀಬೇಕಂದ್ರೆ ಬ್ಯಾಂಕೇ ಇಲ್ಲದ ಊರಲ್ಲಿ ನಾಕು ತೆಗೀಬೇಕು. ಇದರ ಪರಿಣಾಮದ ಮೇಲೆ ರಾಬಿನ್ ಬರ್ಜೆಸ್, ರೋಹಿಣಿ ಪಾಂಡೆ ಅನ್ನೋ ಇಬ್ಬರು 2005ರಲ್ಲಿ ಅಧ್ಯಯನ ಪ್ರಕಟಿಸಿದ್ರು, ಹಳ್ಳಿ ಬಡತನ ಇಳೀತು, ಕೃಷಿಯೇತರ ಉತ್ಪಾದನೆ ಏರಿತು ಅಂತ. ಅವರ ಲೆಕ್ಕದ ವಿಧಾನದ ಬಗ್ಗೆ ತಕರಾರು ಎತ್ತಿದೋರೂ ಇದ್ದಾರೆ, ಆ ಕಾಲದ ಸಾಲದಲ್ಲಿ ಬಾಕಿನೂ ಜಾಸ್ತಿ ಇತ್ತು. ನನ್ನ ಮಟ್ಟಿಗೆ ಎರಡೂ ನಿಜ. ಕಚ್ಚಾ ಮಾಲು, ಮಾರುಕಟ್ಟೆ ಇರೋ ಕಡೆ ಸಾಲ ಇಲ್ಲದಿದ್ರೆ ಊರು ನಿಲ್ಲುತ್ತೆ, ಅವೆರಡೂ ಇಲ್ಲದ ಕಡೆ ಸಾಲ ಕೊಟ್ರೆ ಬ್ಯಾಂಕ್ ಮುಳುಗುತ್ತೆ. ದಾವಣಗೆರೆಗೆ ಮೊದಲನೇ ರೋಗ, ಮೆಕ್ಕೆಜೋಳ, ಭತ್ತ, ಹರಿಹರದ ಮೆಷಿನ್ ಕೆಲಸ ಗೊತ್ತಿರೋ ಕೈಗಳು, ಹೈವೇ ಎಲ್ಲಾ ಐತೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮೊದಲು ಬೇಕಾಗಿರೋದು ಭದ್ರಾ ಮೇಲ್ದಂಡೆ ನೀರು, ಆಮೇಲೆ ಸಾಲ.

ಮೆಕ್ಕೆಜೋಳ ಅಂದ ಮೇಲೆ ಒಂದು ಮಾತು. ಸುಗ್ಗೀಲಿ ಎಪಿಎಂಸಿಗೆ ಒಟ್ಟಿಗೇ ಮಾಲು ಬಂದು ರೇಟು ಬೀಳುತ್ತೆ, 2025ರಲ್ಲಿ ಬೆಂಬಲ ಬೆಲೆ 2400 ಇದ್ರೂ ರೈತರು ಅದಕ್ಕಿಂತ ತುಂಬಾ ಕಮ್ಮಿಗೆ ಮಾರಿ ಬೀದಿಗಿಳಿದಿದ್ದು ಗೊತ್ತಲ್ಲ. ಗೋದಾಮಿನ ರಸೀದಿ ಮೇಲೆ ಸಾಲ ಸಿಗೋ ವ್ಯವಸ್ಥೆ ಕಾಗದದ ಮೇಲೆ ಚೆನ್ನಾಗೈತೆ, ಬಳಸೋರು ಹೆಚ್ಚಾಗಿ ವ್ಯಾಪಾರಿಗಳು. ರೈತನಿಗೆ ಸುಲಭವಾಗಿ ಸಿಗೋದು ಪಹಣಿ ಜೊತೆ ಬಂಗಾರ ಇಟ್ಟ ಸಾಲ, ಲೆಕ್ಕದಲ್ಲಿ ಅದು "ಕೃಷಿ ಸಾಲ"! ಬ್ಯಾಂಕಿನ ಒಟ್ಟು ಸಾಲದಲ್ಲಿ ಆದ್ಯತಾ ವಲಯಕ್ಕೆ (ಕೃಷಿ, ಸಣ್ಣ ಉದ್ಯಮ ಇಂಥವಕ್ಕೆ) 40 ಪರ್ಸೆಂಟ್, ಅದರೊಳಗೆ ಕೃಷಿಗೆ 18 ಅನ್ನೋ ಗುರಿ ಬ್ಯಾಂಕುಗಳು ಮುಟ್ಟೋದು ಎಷ್ಟೋ ಸಲ ಹಿಂಗೇ. ಇಷ್ಟೂ ಸಾಲದೆ ಬಂದ್ರೆ 2016ರಿಂದ ಬೇರೆ ಬ್ಯಾಂಕಿಂದ ಆದ್ಯತಾ ಸಾಲದ ಸರ್ಟಿಫಿಕೇಟ್ ಕೊಂಡುಕೊಂಡು ಲೆಕ್ಕ ತುಂಬಿಸಬಹುದು. ಗುರಿ ಮುಟ್ಟಿದೆ ಅಂತ ಯಾರಾದ್ರೂ ಹೇಳಿದ್ರೆ ಯಾವ ಸಾಲದಿಂದ ಮುಟ್ಟಿದ್ರಿ ಅಂತ ಕೇಳ್ರಿ.

ಇನ್ನೊಂದು ಬದಲಾವಣೆ ಜನ ಗಮನಿಸಿಲ್ಲ. ಮೊದಲು ಮ್ಯಾನೇಜರಿಗೆ ಯಾವ ಅಂಗಡಿ ಹೆಂಗೆ ನಡೀತೈತೆ, ಯಾರು ಮಾತಿಗೆ ನಿಲ್ತಾರೆ ಅಂತ ಅಂದಾಜಿರ್ತಿತ್ತು. ಈಗ ಅರ್ಜಿ ಪ್ರೊಸೆಸಿಂಗ್ ಸೆಂಟರಿಗೆ ಹೋಗುತ್ತೆ, ಅಲ್ಲಿ ಕೂತೋರಿಗೆ ಸಿಬಿಲ್ ಸ್ಕೋರು, ಜಿಎಸ್‌ಟಿ ರಿಟರ್ನು, ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ಕಾಣುತ್ತೆ. ಇದರಿಂದ ಪರಿಚಯದೋರಿಗೆ ಸಾಲ ಕೊಡೋ ಚಾಳಿ ಕಮ್ಮಿ ಆಯ್ತು, ಒಳ್ಳೇದೇ. ಆದ್ರೆ ಎಲ್ಲಾ ವ್ಯವಹಾರ ನಗದಲ್ಲಿ ಮಾಡೋ ಒಳ್ಳೇ ಕಸುಬುದಾರ ಕಣ್ಣಿಗೇ ಬೀಳಲ್ಲ.

ಈಗ ನಿಮ್ಮ ವಿಷಯಕ್ಕೆ. ನಿಮಗೆ ಬೇಕಾಗಿರೋದು ಮಷೀನ್ ಸಾಲಕ್ಕಿಂತ ದುಡಿಯೋ ಬಂಡವಾಳ. ಇದಕ್ಕೆ ನಾಯಕ್ ಸಮಿತಿ ಸೂತ್ರ ಅಂತ ಹಳೇದೊಂದು ಐತೆ, ಈಗಲೂ ಸಣ್ಣ ಘಟಕಗಳಿಗೆ ನಡೆಯುತ್ತೆ: ವರ್ಷದ ಅಂದಾಜು ವಹಿವಾಟಿನ 25 ಪರ್ಸೆಂಟ್ ಬಂಡವಾಳ ಬೇಕು ಅಂತ ಹಿಡೀತಾರೆ, 5 ನಿಮ್ಮದು, 20 ಬ್ಯಾಂಕಿಂದು. 40 ಲಕ್ಷಕ್ಕೆ ಲೆಕ್ಕ ಹಾಕಿದ್ರೆ 10 ಲಕ್ಷ ಬೇಕು, 2 ಲಕ್ಷ ನೀವು, 8 ಲಕ್ಷ ಸಿಸಿ. ಇದು ದುಡ್ಡು ಮೂರು ತಿಂಗಳಲ್ಲಿ ವಾಪಸ್ ಬರುತ್ತೆ ಅನ್ನೋ ಲೆಕ್ಕ, ನಿಮ್ಮ ಗಿರಾಕಿಗಳು ಐದು ತಿಂಗಳು ಸತಾಯಿಸ್ತಾರೆ ಅಂದ್ರೆ ಸಾಲದ ಅರ್ಜಿಗಿಂತ ಮುಂಚೆ ಅದನ್ನ ಸರಿ ಮಾಡಿಕೊಳ್ಳಬೇಕು. ಸಣ್ಣ ಘಟಕಗಳಿಗೆ 10 ಲಕ್ಷದ ತನಕ ಅಡಮಾನ ಕೇಳಂಗಿಲ್ಲ ಅಂತ ಆರ್‌ಬಿಐ 2010ರಲ್ಲೇ ಸುತ್ತೋಲೆ ಕೊಟ್ಟಿತ್ತು (2026ರಲ್ಲಿ ಆ ಮಿತಿ 20 ಲಕ್ಷಕ್ಕೆ ಏರಿಸಿದ್ರು), ನಿಮ್ಮ 8 ಲಕ್ಷ ಅದರೊಳಗೇ ಬರುತ್ತೆ. ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮದ ಸಾಲಕ್ಕೆ ಜಾಮೀನು ನಿಲ್ಲೋ ಸರ್ಕಾರಿ ಟ್ರಸ್ಟ್) ಗ್ಯಾರಂಟೀಲಿ ಮಾಡ್ಕೊಡ್ರಿ ಅಂತ ಬಾಯಿಬಿಟ್ಟು ಕೇಳಬೇಕು, ಫೀ ನಿಮ್ಮ ಮೇಲೇ ಬೀಳಬಹುದು, ಆದ್ರೂ ಎರಡು ರೂಪಾಯಿ ಬಡ್ಡಿಗಿಂತ ತುಂಬಾ ಅಗ್ಗ. ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮ ಅನ್ನೋ ಸರ್ಕಾರಿ ನೋಂದಣಿ) ಫ್ರೀ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡ್ರಿ. ಪೂರ್ತಿ ಅರ್ಜಿ ಕೊಟ್ಟ ಮೇಲೆ 25 ಲಕ್ಷದ ತನಕದ ಸಣ್ಣ ಉದ್ಯಮ ಸಾಲಕ್ಕೆ 14 ಕೆಲಸದ ದಿನದೊಳಗೆ ಆಗುತ್ತೋ ಇಲ್ವೋ ಹೇಳಬೇಕು, ಇಲ್ಲ ಅಂದ್ರೆ ಕಾರಣ ಬರವಣಿಗೇಲಿ ಕೊಡಬೇಕು. ಅಕ್ನಾಲೆಡ್ಜ್‌ಮೆಂಟ್ ಇಲ್ಲದೆ ಅರ್ಜಿ ಕೊಡಲೇಬೇಡ್ರಿ, "ಇಟ್ಟು ಹೋಗ್ರಿ, ನೋಡ್ತೀವಿ" ಅಂದ್ರೆ ಆ 14 ದಿನ ಶುರುನೇ ಆಗಲ್ಲ. ನಿಮ್ಮ ಸೇಲ್ಸ್ ದುಡ್ಡನ್ನ ಈಗಿಂದಲೇ ಒಂದೇ ಖಾತೆ ಮೂಲಕ ಓಡಿಸ್ರಿ, ಆರು ತಿಂಗಳ ಸ್ಟೇಟ್‌ಮೆಂಟ್ ನಿಮ್ಮ ಪರ ಮಾತಾಡುತ್ತೆ.

ಊರಿನ ಮಟ್ಟಿಗೆ ಕೇಳೋದಾದ್ರೆ ಜಾಗ ಐತೆ. 1969ರಿಂದ ಲೀಡ್ ಬ್ಯಾಂಕ್ ಪದ್ಧತಿ ಐತೆ, ಅಂದ್ರೆ ಜಿಲ್ಲೆಯ ಬ್ಯಾಂಕುಗಳನ್ನ ಒಟ್ಟಿಗೆ ನಡೆಸೋ ಹೊಣೆ ಒಂದು ಬ್ಯಾಂಕಿಗೆ, ನಮ್ಮ ಜಿಲ್ಲೆಗೆ ಕೆನರಾ ಬ್ಯಾಂಕು. ಡಿಸಿ ಅಧ್ಯಕ್ಷತೇಲಿ ಮೂರು ತಿಂಗಳಿಗೊಮ್ಮೆ ಬ್ಯಾಂಕುಗಳ ಸಭೆ ನಡೆಯುತ್ತೆ, ವರ್ಷದ ಸಾಲ ಯೋಜನೆ ಅಲ್ಲೇ ಪಾಸಾಗುತ್ತೆ, ಅದಕ್ಕೂ ಮುಂಚೆ ನಬಾರ್ಡ್ (ಕೃಷಿ, ಗ್ರಾಮೀಣಾಭಿವೃದ್ಧಿ ಬ್ಯಾಂಕ್) ಯಾವ ಕಸುಬಿಗೆ ಎಷ್ಟು ಸಾಲ ಕೊಡೋಕೆ ಅವಕಾಶ ಐತೆ ಅಂತ ಜಿಲ್ಲೆಗೊಂದು ಪುಸ್ತಕ ತರುತ್ತೆ. ನಿಮ್ಮ ಹೊಲಿಗೆ ಯೂನಿಟ್‌ನೋರು ಹತ್ತು ಜನ ಸೇರಿ ಲೀಡ್ ಬ್ಯಾಂಕ್ ಮ್ಯಾನೇಜರಿಗೆ ಒಂದು ಕಾಗದ ಬರೀರಿ. ಸಿಡಿ ರೇಶಿಯೋ ಎಷ್ಟು ಅಂತ ಕೇಳಬೇಡ್ರಿ. ಜಿಲ್ಲೇಲಿ ಕಿರು ಉದ್ಯಮಕ್ಕೆ ಕೊಟ್ಟ ಸಾಲದಲ್ಲಿ ತಯಾರಿಕೆಗೆ ಎಷ್ಟು, ಅಂಗಡಿ ವ್ಯಾಪಾರಕ್ಕೆ ಎಷ್ಟು, ಅಡಮಾನ ಇಲ್ಲದೆ ಗ್ಯಾರಂಟಿ ಮೇಲೆ ಕೊಟ್ಟಿದ್ದು ಎಷ್ಟು, ಎಷ್ಟು ಅರ್ಜಿ ವಾಪಸ್ ಹೋದವು, ಬ್ಯಾಂಕುವಾರು ಕೊಡ್ರಿ ಅಂತ ಕೇಳ್ರಿ. ಸಭೆಗೆ ಮುಂಚೆ ಕೊಟ್ರೆ ಅಜೆಂಡಾಕ್ಕೆ ಸೇರಿಸೋಕೆ ಹೇಳಬಹುದು, ಉತ್ತರ ಬರದಿದ್ರೆ ಆರ್‌ಟಿಐ ಹಾಕ್ರಿ, ಸರ್ಕಾರಿ ಬ್ಯಾಂಕುಗಳು ಅದರ ಕೆಳಗೆ ಬರ್ತವೆ.